ಅತ್ತೆಯ ಉರಿಯದ ಪಾದಗಳು

ಸುಯ್… ಸುಯ್… ಕಂಚಿನ ಬಟ್ಟಲು ಅಂಗಾಲಿನ ಮೇಲೆ ತಿರುಗುವ ಸಪ್ಪಳ. ತುಪ್ಪ ಸವರಿದ ಚರ್ಮದ ಮೇಲೆ ಮೊದಲು ಮೆತ್ತಗೆ, ತುಪ್ಪ ಇಂಗುತ್ತ ಬಂದಂತೆ ತುಸು ಒರಟಾಗಿ, ಯಾರೋ ನಿದ್ದೆಗಣ್ಣಿನಲ್ಲಿ ಗುನುಗಿದ ಹಾಗೆ. ಪುಣೆಯ ಪಕ್ಕದ ಖಡಕಿಯಲ್ಲಿ ನಮ್ಮ ಕ್ವಾರ್ಟರ್ಸಿನ ಹಿತ್ತಲ ಕಟ್ಟೆ, ಬೇವಿನ ನೆರಳು, ನನ್ನ ಮಡಿಲಲ್ಲಿ ಅತ್ತೆಯ ಪಾದ. ಎಷ್ಟು ಸಂಜೆಗಳು ಹಾಗೆ ಹೋದವೋ. ಈಗ ಎಲ್ಲವೂ ಕೂಡಿಕೊಂಡು ಒಂದೇ ಉದ್ದನೆಯ ಸಂಜೆಯಾಗಿವೆ.

ಅತ್ತೆ ನನ್ನ ತಂದೆಯ ಅಕ್ಕ. ಗಂಡ ತೀರಿದ ಮೇಲೆ ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದವಳು. ಅವಳಿಗೆ ಸಕ್ಕರೆ ಕಾಯಿಲೆ. ಕೆಂಡ ತುಳಿದಂತೆ ಪಾದಗಳು ಉರಿಯುತ್ತಿದ್ದವು. ತುಪ್ಪ ಹಚ್ಚಿ ತಿಕ್ಕಿದರೆ ಉಷ್ಣ ಇಳಿಯುತ್ತದೆಂದು ಆ ಬಟ್ಟಲು ಕೊಟ್ಟವಳು ಪಕ್ಕದ ಮನೆಯ ಮರಾಠಿ ಮುದುಕಿ. ತಿಕ್ಕುತ್ತ ತಿಕ್ಕುತ್ತ ಅಂಗಾಲು ಕಪ್ಪಾಗುತ್ತಿತ್ತು. ಅದೇ ಹೊರಬಂದ ಉಷ್ಣವೆಂದು ನಾವೆಲ್ಲ ನಂಬಿದ್ದೆವು.

ನಾನು ಕಾನ್ವೆಂಟಿನಿಂದ ಬಂದವಳು, ಯೂನಿಫಾರ್ಮ್ ಮೈಲಿಗೆ. ಧಾಬಳಿ, ಅಂದರೆ ಉಣ್ಣೆಯ ಬಟ್ಟೆ, ಉಟ್ಟ ಮೇಲೆಯೇ ಅತ್ತೆಯನ್ನು ಮುಟ್ಟಬೇಕು. ಹತ್ತಿಗೆ ಮೈಲಿಗೆ ತಗಲುತ್ತದೆ, ಉಣ್ಣೆಗೆ ತಗಲುವುದಿಲ್ಲ. ನಮ್ಮ ಮನೆಯ ಸೈನ್ಸ್ ಅದು.

“ಬಟ್ಟಲಾ ತಿಕ್ಕಲಿಕ್ಕತ್ತೀಯೋ, ಪುಸ್ತಕದ ಧೂಳಾ ಒರಸಲಿಕ್ಕತ್ತೀಯೋ? ಜೋರ್ ತಿಕ್ಕು, ಮಡ್ಡಮ್ಮ!” ಎಂದು ಅತ್ತೆ ಹಂಗಿಸುತ್ತಿದ್ದಳು.

ಒಂದು ದಿನ ಅವಳೇ ನನ್ನ ಕೈ ಹಿಡಿದು, “ಉರಿ ಹೋತವಾ. ಎಲ್ಲಾ ನಿನ್ನ ಕೈಗುಣಾ ನೋಡು,” ಎಂದಳು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಶಾಲೆಯ ಇಂಗ್ಲಿಷ್ ಕಾಂಪೊಸಿಷನ್ನಿನಲ್ಲಿ ಅತ್ತೆಯನ್ನು ಕ್ಯೂರ್ ಮಾಡಿದ ಕಥೆ ಬರೆದೆ. ಸಿಸ್ಟರ್ ‘ವೆರಿ ಗುಡ್’ ಹಾಕಿದರು. ಹೌ ಪ್ರೌಡ್ ಐ ವಾಸ್!

ತಿಂಗಳು ಕಳೆದಿರಬೇಕು. ಬೆಳಿಗ್ಗೆ ತುಳಸಿಕಟ್ಟೆಯ ಸುತ್ತ ಕಲ್ಲಿನ ಮೇಲೆ ಕೆಂಪು ಕಲೆಗಳು ಕಂಡವು.

“ಕುಂಕುಮಾ ಚೆಲ್ಲೀಯಲ್ಲ, ಕಣ್ಣು ಎಲ್ಲಿಟ್ಟಿದ್ದಿ?” ಎಂದು ಅವ್ವ ನನ್ನನ್ನೇ ಗದರಿದಳು.

ಒದ್ದೆ ಬಟ್ಟೆ ತಂದು ಒರೆಸಹೋದರೆ ಕಲೆ ಅಂಟಂಟು. ಒಂದೊಂದೂ ಹಿಮ್ಮಡಿಯ ಅರ್ಧಚಂದ್ರ. ಅತ್ತೆ ಸ್ತೋತ್ರ ಹೇಳುತ್ತ ಇನ್ನೂ ಪ್ರದಕ್ಷಿಣೆ ಹಾಕುತ್ತಲೇ ಇದ್ದಳು, ಮುಖದಲ್ಲಿ ಎಂಥ ಶಾಂತಿ! ಕೂರಿಸಿ ನೋಡಿದರೆ ಹಿಮ್ಮಡಿಯಲ್ಲಿ ಹಸಿರು ಗಾಜು ನೆಟ್ಟಿತ್ತು. ಹಿಂದಿನ ದಿನ ಒಡೆದ ನನ್ನ ಬಳೆಯ ಚೂರು.

ಡಾಕ್ಟರೂ ಧಾರವಾಡದ ಕಡೆಯವರು. ಗಾಯ ತೊಳೆದು, “ಕಣ್ಣು ಮುಚ್ಚರಿ ಅಕ್ಕಾರ. ನಾ ಮುಟ್ಟಿದಾಗ ಹೂಂ ಅನ್ರಿ,” ಎಂದರು. ಹತ್ತಿಯಿಂದ ಬೆರಳು ಸವರಿದರು. ಪಿನ್ನಿನ ತುದಿಯಿಂದ ಅಂಗಾಲು ಒತ್ತಿದರು, ಆ ಪಾದ, ಈ ಪಾದ.

ಬಹಳ ಹೊತ್ತಿನ ಮೇಲೆ ಅತ್ತೆ, “ಎಷ್ಟೊತ್ತು ಹಿಂಗ ಕೂಡಸ್ತೀರಿ? ಮುಟ್ಟರಿ ಇನ್ನ!” ಎಂದಳು.

ಡಾಕ್ಟರು ಪಿನ್ನನ್ನು ಕೆಳಗಿಟ್ಟರು.

“ಉರಿ ವಾಸಿ ಆಗಿಲ್ರಿ,” ಡಾಕ್ಟರು ತಂದೆಗೆ ಹೇಳಿದರು. “ಉರಿ ಅದ ಅಂತ ಹೇಳೋ ನರಾನ ಸತ್ತಾವ. ಗಾಯ ಕೊಳತರ ಕಾಲು ತಗೀಬೇಕಾಗತದ.”

ದಿನಾ ಇನ್ಸುಲಿನ್ ಇಂಜೆಕ್ಷನ್, ಗಾಯಕ್ಕೆ ಸಲ್ಫಾ ಪುಡಿ. ಬಿಸಿನೀರಿಗೆ ಕಾಲಿಡುವ ಮೊದಲು ಬೇರೆಯವರು ಕೈಯಿಟ್ಟು ನೋಡಬೇಕು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಕೂಡದು. ಮೊದಲಿನವಕ್ಕೆಲ್ಲ ಅತ್ತೆ ತಲೆಯಾಡಿಸಿದಳು. ಕೊನೆಯದಕ್ಕೆ ಮಾತ್ರ ಇಲ್ಲ.

“ತೊಗಲಿನ ಚಪ್ಲಿ ಮೆಟ್ಟಿ ದೇವರ ಮುಂದ ನಿಲ್ಲಲೇನು? ಕಾಲು ಹೋದರ ಹೋಗಲಿ.”

ಕಾಲು ನಿಜವಾಗಿಯೂ ಹೋಗಬಹುದಿತ್ತು. ನನ್ನ ಬಳೆಯಿಂದ, ನನ್ನ ‘ಕ್ಯೂರ್’ನಿಂದ. ನೀಡಲ್‌ವರ್ಕ್ ಕ್ಲಾಸಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದಾಗ ಮನೆಯಲ್ಲಿ ಉಡುವ ಧಾಬಳಿ ನೆನಪಾಯಿತು. ಉಣ್ಣೆ! ದಪ್ಪ ಬೂದುಬಣ್ಣದ ಉಣ್ಣೆಯಲ್ಲಿ, ಅಡಿಭಾಗಕ್ಕೆ ಮೂರು ಪದರ ಕೂಡಿಸಿ ಕಾಲುಚೀಲ ಹೆಣೆದೆ. ಹಿಮ್ಮಡಿಯ ತಿರುವು ಬರದೆ ಅತ್ತಾಗ ಸಿಸ್ಟರ್ ಅದೊಂದನ್ನು ತಾವೇ ಹಾಕಿಕೊಟ್ಟರು.

ಅತ್ತೆ ಆ ಕಾಲುಚೀಲಗಳನ್ನು ತಿರುವಿ ತಿರುವಿ ನೋಡಿದಳು. ಹಿಮ್ಮಡಿಯ ಬಳಿ ಅವಳ ಬೆರಳು ನಿಂತಿತು. ಅದು ಸಿಸ್ಟರ್ ಹಾಕಿದ್ದೆಂದು ಹೇಳಲು ನಾನು ಬಾಯಿ ತೆರೆದೆ.

“ಉಣ್ಣಿಗೆ ಮೈಲಿಗಿಲ್ಲ,” ಎಂದಳು. “ಹೆಣದಾಕಿ ಯಾರು ಅಂತ ನಾ ಕೇಳೂದಿಲ್ಲ, ನೀ ಹೇಳಬ್ಯಾಡ.”

ಆಮೇಲೆ ಸಂಜೆಗಳಲ್ಲಿ ಬಟ್ಟಲು ಇಲ್ಲ. ಮೊದಲಿನ ಹಾಗೆಯೇ ಅವಳು ಕಾಲು ಚಾಚುವಳು. ಹೊಸ ಗಾಯವೇನಾದರೂ ಇದೆಯೇ ಎಂದು ನಾನು ಬೆರಳ ಸಂದುಗಳನ್ನು ಬಿಡಿಸಿ ನೋಡುವೆ. ಮಾವಿನಹಣ್ಣು ಬರುವ ಹೊತ್ತಿಗೆ ಗಾಯ ಮುಚ್ಚಿತು. ಕಾಲು ಉಳಿಯಿತು. ಸ್ಪರ್ಶ ಮಾತ್ರ ತಿರುಗಿ ಬರಲಿಲ್ಲ.

ಸ್ವಾತಂತ್ರ್ಯದ ಹಿಂದಿನ ಬೇಸಿಗೆಯಲ್ಲಿ ಅವಳು ಮೈದುನನ ಮನೆಗೆಂದು ಧಾರವಾಡಕ್ಕೆ ಹೊರಟಳು. ಪುಣೆ ಸ್ಟೇಷನ್ನಿನ ಕಲ್ಲುಹಾಸು ಕಾದ ಹಂಚಾಗಿತ್ತು. ಉಣ್ಣೆಯ ಮೇಲೆ ತಂದೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಲು ಹೇಳಿದೆವು. “ಪ್ರವಾಸದಾಗ ಹೆಂಗೂ ಎಲ್ಲಾ ಮೈಲಿಗೀನ, ಕೊಡ್ರಿಲ್ಲೆ,” ಎಂದು ತಾನೇ ಕೈಚಾಚಿದಳು. ತಂದೆಯ ತೋಳು ಹಿಡಿದು, ಕೆಂಪು ಸೀರೆಯ ಕೆಳಗೆ ಗಂಡಸರ ಬಿಳಿ ಶೂ ತೊಟ್ಟು ರೈಲು ಡಬ್ಬಿಯತ್ತ ನಡೆದಳು. ಹಿಂದಿನಿಂದ ನಾನು ಕೂಗಿದೆ. ಕೈಯೆತ್ತಿದಳು, ಆದರೆ ತಿರುಗಲಿಲ್ಲ. ನೆಲ ಎಲ್ಲಿದೆಯೆಂದು ಪಾದಗಳು ಅವಳಿಗೆ ಹೇಳುತ್ತಿರಲಿಲ್ಲ. ಕಣ್ಣಿಟ್ಟೇ ಒಂದೊಂದು ಹೆಜ್ಜೆ ಇಡಬೇಕಿತ್ತು. ಹಾಗೆ ತಲೆ ಬಗ್ಗಿಸಿ ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತ, ಹುಷಾರಾಗಿ, ಅವಳು ಎಂಜಿನ್ನಿನ ಉಗಿಯೊಳಗೆ ಹೋದದ್ದೇ ನಾನು ಅವಳನ್ನು ಕಂಡ ಕೊನೆ.