ಚೌಡಿಯ ಅಕ್ಕಿ, ಬೆಳಕೆಯ ಬೆಕ್ಕು

ಆಡು ಕೊಳ್ಳಲು ಹೋದವನು ಮೊದಲು ಆಡನ್ನು ನೋಡಬಾರದು, ಕೊಡುವವರ ಮುಖ ನೋಡಬೇಕು. ಆಮೇಲೆ ಸೊಂಟದ ಮೇಲೆ ಹೆಬ್ಬೆರಳು ಒತ್ತಿ ಮಾಂಸದ ಅಂದಾಜು ಹಿಡಿಯಬೇಕು, ತುಟಿ ಎತ್ತಿ ಹಲ್ಲು ನೋಡಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಒಂದು ಕುಂಟು ಆಡಿನಿಂದ ಶುರು ಮಾಡಿದವನು, ಐವತ್ತರ ದಶಕ ಮುಗಿಯುವ ಹೊತ್ತಿಗೆ ಹೆಬಳೆ, ಬೆಳಕೆ ಸುತ್ತಿನ ಆಡುಗಳನ್ನೆಲ್ಲ ಭಟ್ಕಳದ ಕಸಾಯಿಗಳಿಗೆ ಒದಗಿಸುವವನಾಗಿದ್ದೆ. ಆದರೆ ಗಂಟಲೊಳಗೆ ಏನು ಕೂತಿದೆ ಎಂಬುದು ಹೆಬ್ಬೆರಳಿಗೆ ತಿಳಿಯುವುದಿಲ್ಲ. ವ್ಯಾಪಾರಕ್ಕೆ ಇಳಿಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಬೆಳಕೆಯಲ್ಲಿ ಒಬ್ಬಳು ವಿಧವೆ ಇದ್ದಳು. ಗದ್ದೆಯಿಲ್ಲ, ತೆಂಗಿನ ಮರವೂ ಇಲ್ಲ. ಹೋತದ ಮರಿಗಳನ್ನು ಅವಸರಕ್ಕೆ ಮಾರದೆ ಎರಡು ಮೂರು ವರ್ಷ ಸಾಕಿ, ಕರುವಿನ ಎತ್ತರಕ್ಕೆ ತಂದು ಕೊಡುತ್ತಿದ್ದಳು. ಭಟ್ಕಳದ ಮದುವೆಮನೆಗಳಲ್ಲಿ ಬೆಳಕೆಯ ಹೋತವೇ ಬೇಕೆಂದು ಕೇಳುವವರಿದ್ದರು. ಅವಳ ಮತ್ತು ಇಬ್ಬರು ಹೆಣ್ಣುಮಕ್ಕಳ ಗಂಜಿ ಆ ಹೆಸರಿನ ಮೇಲೆ ನಿಂತಿತ್ತು. ಹೆಸರು ಕೆಟ್ಟರೆ ತಾಯಿ ಮಕ್ಕಳಿಗೆ ಕಂಡವರ ಕೂಲಿಯೇ ಗತಿ.

ಒಂದು ಬೆಳಿಗ್ಗೆ ಭಟ್ಕಳದ ಕಸಾಯಿ ಮುದುಕನೊಬ್ಬ ನನಗೆ ಹೇಳಿಕಳಿಸಿದ. ಅವಳ ಹೋತವನ್ನು ಕಡಿದಿದ್ದ. ಗಂಟಲ ಕೊಳವೆಯನ್ನು ಸೀಳಿ ಹಲಗೆಯ ಮೇಲೆ ಹರವಿದ್ದ. ಕೆಂಪು ಮಾಂಸದ ತುಂಬ ಬಿಳೀ ಕಾಳು, ಥೇಟ್ ಅಕ್ಕಿ.

"ನೋಡಿ, ನಿಮ್ಮ ಚೌಡಿಯ ಅಕ್ಕಿ ಬಂತು," ಎಂದ. "ಇದನ್ನ ಮದುವೆಮನೆಗೆ ಕೊಟ್ರೆ ನನ್ನ ಗಡ್ಡ ಉಳೀತದಾ?"

ನಮ್ಮ ಕಡೆಯ ನಂಬಿಕೆ ಹೀಗೆ: ಬನದಲ್ಲಿ ಚೌಡಿಯ ಕಲ್ಲಿನ ಮುಂದಿಟ್ಟ ಅಕ್ಕಿಯನ್ನು ಆಡು ಕದ್ದು ತಿಂದರೆ ಅದು ಹೊಟ್ಟೆಗೆ ಇಳಿಯದೆ ಗಂಟಲ ಮಾಂಸದಲ್ಲೇ ಕೂರುತ್ತದೆ. ದೇವರ ಪಾಲು, ನೆಲಕ್ಕೆ ಬೀಳಬಾರದು. ಸಾಕಿದ ಮನೆಗೇ ಮರಳಬೇಕು, ಆ ಮನೆಯ ಬೆಕ್ಕು ಹಸಿಯಾಗಿಯೇ ತಿಂದು ಮುಗಿಸಬೇಕು. ಬೆಕ್ಕೇ ಯಾಕೆಂದರೆ, ತನ್ನ ಹೊಲಸನ್ನು ತಾನೇ ಮುಚ್ಚುವ ಶುದ್ಧ ಪ್ರಾಣಿ ಅದು ಎನ್ನುತ್ತಿದ್ದರು ಹಿರಿಯರು. ಕಸಾಯಿಗೂ ಈ ಕಟ್ಟಳೆ ಗೊತ್ತಿತ್ತು. ಆ ಗಂಟಲ ಮಾಂಸವನ್ನು ಸಾಗವಾನಿ ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

ಬೆಳಕೆಗೆ ಒಯ್ದು ಕೊಟ್ಟೆ. ಅವಳು ಎಲೆ ಬಿಚ್ಚಿ ನೋಡಿದಳು. ಬೆಕ್ಕನ್ನು ಕರೆದಳು, ತೆಂಗಿನ ಕರಟದಲ್ಲಿ ಹಾಕಿ ಇಟ್ಟಳು, ಅದು ಮುಗಿಸುವವರೆಗೂ ಕೈಮುಗಿದು ನಿಂತಳು. ಬೆಕ್ಕು ಬಾಯಿ ನೆಕ್ಕಿಕೊಂಡು ಕೊಟ್ಟಿಗೆಯ ಮೂಲೆಯ ಸೊಪ್ಪಿನ ರಾಶಿ ಹತ್ತಿ ಮಲಗಿತು. ಆಡುಗಳಿಗೆ ಹಾಕುವ ಹಲಸಿನ ಸೊಪ್ಪು ಅದು.

ಮುಂದಿನ ವರ್ಷ ಮತ್ತೆ ಅಕ್ಕಿ ಬಂತು. ಆಮೇಲೆ ಕಡಿದ ಅವಳ ಹೋತಗಳಿಗೆಲ್ಲ ಬಂತು. ಚೌಡಿಯ ಪಾಲು ಕದ್ದು ತಿನ್ನಿಸುತ್ತಾಳೆ, ಅದಕ್ಕೇ ಅವಳ ಹೋತಕ್ಕೆ ಆ ಎತ್ತರ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಭಟ್ಕಳದಲ್ಲಿ ಕೊಳ್ಳುವವರು ಮುಖ ತಿರುಗಿಸಿದರು.

ಹೊಳೆ ದಾಟಿದ ಹೋತಕ್ಕೆ ಊರಿಲ್ಲ ಎಂದು ನಾನೇ ಧೈರ್ಯ ಹೇಳಿದೆ. ಶರಾವತಿಯನ್ನು ದೋಣಿಯಲ್ಲಿ ದಾಟಿಸಿ, ಹೊನ್ನಾವರದಲ್ಲಿ ಇಳಿಸಿ, ಹಳದೀಪುರದ ಮೇಲೆ ನಡೆಸಿಕೊಂಡು ಕುಮಟೆಗೆ ಒಯ್ದೆ. ಅಲ್ಲಿಯ ಕಸಾಯಿಯೂ ಗಂಟಲು ಸೀಳಿದ, ಅವನೂ ಎಲೆಯಲ್ಲಿ ಸುತ್ತಿ ಕೊಟ್ಟ. ಮರಳುವಾಗ ದೋಣಿಯವನು ಪೊಟ್ಟಣ ನೋಡಿ, "ಎಂತ ಸಾವ್ಕಾರ್ರೆ, ಕೊಟ್ಟ ಮಾಲು ವಾಪಸಾ?" ಎಂದ. ನಾನು ಪೊಟ್ಟಣವನ್ನು ಟವೆಲಿನಡಿ ಸರಿಸಿದೆ.

ಒಮ್ಮೆ ಆ ಮಾಂಸವನ್ನು ಕುಮಟೆಯ ದನದ ಡಾಕ್ಟರರಿಗೆ ತೋರಿಸಿದೆ. ಅವರು ಒಂದು ಕಾಳನ್ನು ಒಡೆದು ಸೂಕ್ಷ್ಮದರ್ಶಕದ ಗಾಜಿನಡಿ ಇಟ್ಟು ನೋಡಿದರು. ಅಕ್ಕಿಯಲ್ಲ, ಕಣ್ಣಿಗೆ ಕಾಣದ ಜೀವಿಗಳು ಮಾಂಸದೊಳಗೆ ಚೀಲ ಕಟ್ಟಿಕೊಂಡು ಕೂತಿವೆ ಎಂದರು. ಬೇಯಿಸಿ ತಿಂದರೆ ಮನುಷ್ಯರಿಗೆ ಭಯವಿಲ್ಲವಂತೆ. ಆಡಿನ ಮೈಗೆ ಹೇಗೆ ಸೇರುತ್ತವೆ ಎಂದು ಕೇಳಿದ್ದಕ್ಕೆ, ಅದು ಇನ್ನೂ ಯಾರಿಗೂ ಗೊತ್ತಿಲ್ಲ ಎಂದರು.

ನಾನು ಬಂದು ಹೇಳಿದ್ದನ್ನು ಅವಳು ಪೂರ್ತಿ ಕೇಳಿದಳು. "ಡಾಕ್ಟರಿಗೂ ಗೊತ್ತಿಲ್ಲ ಅಂದ್ಮೇಲೆ ಅದು ಚೌಡಿದೇ ಆತಲ್ಲ," ಎಂದಳು. ಅಂದಿನಿಂದ ಆಡುಗಳನ್ನು ಬನದ ದಿಕ್ಕಿಗೆ ಬಿಡಲೇ ಇಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ, ಅದೇ ಮೂಲೆಯ ರಾಶಿಯಿಂದ ಸೊಪ್ಪು ತೆಗೆದು ಹಾಕಿದಳು.

ಎಷ್ಟೋ ವರ್ಷಗಳ ಮೇಲೆ ಬೇರೊಬ್ಬ ಹೊಸ ಡಾಕ್ಟರು ನನಗೆ ವಿಷಯ ಬಿಡಿಸಿ ಹೇಳಿದರು. ಆ ಚೀಲಗಳನ್ನು ಹಸಿಯಾಗಿ ತಿಂದ ಬೆಕ್ಕಿನ ಕರುಳಲ್ಲಿ ಅವು ಬಲಿತು, ಹೊಲಸಿನಲ್ಲಿ ಹೊರಬಿದ್ದು, ಸೊಪ್ಪಿಗೆ ಅಂಟಿ, ತಿರುಗಿ ಆಡಿನ ಹೊಟ್ಟೆ ಸೇರುತ್ತವೆ. ಬೆಕ್ಕು ಹೊಲಸು ಮುಚ್ಚುತ್ತಿದ್ದದ್ದು ಅದೇ ಸೊಪ್ಪಿನಲ್ಲಿ. ಆಡು ಸಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಹಸಿ ಮಾಂಸವನ್ನು ಬೆಕ್ಕಿಗೆ ಹಾಕಬೇಡಿ, ಆಳಕ್ಕೆ ಹೂಳಿ. ಮೇವಿನ ಹತ್ತಿರ ಬೆಕ್ಕನ್ನು ಮಲಗಿಸಬೇಡಿ. ಇಷ್ಟು ಹೇಳಲು ಬಂದಾಗ ಕೇಳಬೇಕಾದವಳು ಇರಲಿಲ್ಲ.

ಅದಕ್ಕೂ ಬಹಳ ಮೊದಲೇ ಅವಳ ಕೊನೆಯ ಆಡುಗಳನ್ನು ನಾನೇ ಕೊಂಡಿದ್ದೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ರೂಢಿಯಂತೆ ಟವೆಲಿನಡಿ ಕೈ ಚಾಚಿದೆ. ಅಲ್ಲಿ ಬೆರಳು ಹಿಡಿದೇ ದರ ಮಾತಾಡುವುದು. ಪ್ರತಿಸಲ ನನ್ನ ಬೆರಳು ಮಡಚಿ ಜಗ್ಗಾಡುತ್ತಿದ್ದವಳು ಅಂದು ಕೈಯನ್ನು ನನ್ನ ಕೈಯಲ್ಲಿ ಸುಮ್ಮನೆ ಬಿಟ್ಟಳು. "ನೀವು ಹಿಡಿದದ್ದೇ ಆತು," ಎಂದಳು. ಮರುದಿನದಿಂದ ಮಕ್ಕಳ ಜೊತೆ ಸುಣ್ಣದ ಭಟ್ಟಿಗೆ ಕಪ್ಪೆಚಿಪ್ಪು ಹೊರಲು ಹೋಗುವವಳಿದ್ದಳು.

ಹಗ್ಗ ಬಿಚ್ಚುತ್ತಿದ್ದಾಗ ನೆರೆಮನೆಯವಳು ಬಂದಳು. ಅವಳ ಮನೆಯಲ್ಲೂ ಆಡುಗಳಿದ್ದವು.

"ನಿನ್ನ ಬೆಕ್ಕಿನ ಮರಿ ಒಂದು ಕೊಡೇ," ಎಂದಳು. "ಚೌಡಿ ಅಕ್ಕಿ ತಿಂದ ತಾಯಿದು. ಕೊಟ್ಟಿಗೆಯಲ್ಲಿದ್ರೆ ನಮಗೆ ಆ ಕಾಟ ಬರೂದಿಲ್ಲ."

ಇವಳು ಸೊಪ್ಪಿನ ರಾಶಿಯೊಳಗೆ ಕೈ ಹಾಕಿ ಒಂದು ಮರಿ ಎತ್ತಿದಳು, ಸೆರಗಿನಿಂದ ಅದರ ಮುಖ ಒರೆಸಿ ಕೊಟ್ಟಳು.

"ಅಕ್ಕಿ ಬಂದ್ರೆ ಹಸೀದೇ ಹಾಕು, ಬೇಯ್ಸಬೇಡ," ಎಂದಳು. "ನೆಲಕ್ಕೆ ಮಾತ್ರ ಬೀಳ್ಸಬೇಡ."

ನಾನು ಆಡುಗಳನ್ನು ಹೊಡೆದುಕೊಂಡು ಬಸ್ಸಿನ ರಸ್ತೆಯ ಕಡೆಗೆ ನಡೆದೆ.