ಬ್ವಾನ ಹುಡುಕಲು ಹೋದದ್ದು

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಶಿಕಾರಿಪುರದಿಂದ ಸೊರಬಕ್ಕೆ ಬಂದೆ. ಬಂದ ಹೊಸದರಲ್ಲೇ ಒಂದು ದಿನ ಬಡಿಸುತ್ತ, ಇನ್ನಷ್ಟು ಬ್ವಾನ ಹಾಕಲೇ ಎಂದು ನಾದಿನಿಯನ್ನು ಕೇಳಿದೆ. ನಮ್ಮ ಮನೆಯಲ್ಲಿ ಅನ್ನಕ್ಕೆ ಹಾಗೇ ಅನ್ನುವುದು. ಅವಳು ನಗುತ್ತ ನಗುತ್ತ ನೆತ್ತಿಗೆ ಹತ್ತಿಸಿಕೊಂಡಳು. ಇದು ಯಾವ ನಿಘಂಟಿನ ಕನ್ನಡ ಎಂದು ಬೇರೆ ಕೇಳಿದಳು. ಅಂದಿನಿಂದ ಬಾಯಿ ತೆರೆಯುವ ಮೊದಲು ಒಂದೊಂದು ಮಾತನ್ನೂ ತೂಗಿ ನೋಡತೊಡಗಿದೆ. ತವರಿನಲ್ಲಿ ವಟವಟ ಅನ್ನುತ್ತಿದ್ದವಳು ಇಲ್ಲಿ ಹೂಂ, ಉಹೂಂಗಳಲ್ಲೇ ದಿನ ತಳ್ಳುತ್ತಿದ್ದೆ. ಹೀಗೇ ಆದರೆ ಈ ಮನೆಯಲ್ಲಿ ಮೂಗಿಯಾಗಿಬಿಡುತ್ತೇನೆ ಎಂದು ನಿಜಕ್ಕೂ ಹೆದರಿದೆ.

ಹೆದರಿಕೆಯ ಹಿಂದೆಯೇ ಸಿಟ್ಟೂ ಬಂತು. ಸಂತೆಯ ನೆಪ ಹೇಳಿ ಲೈಬ್ರರಿಗೆ ಹೋಗಿ, ಇದ್ದುದರಲ್ಲೇ ದಪ್ಪ ನಿಘಂಟು ಕೇಳಿ ಕೂತೆ. ‘ಬ’ದ ಕೊನೆಯ ಪುಟಗಳಲ್ಲಿ ಒತ್ತಕ್ಷರದ ಶಬ್ದಗಳನ್ನೆಲ್ಲ ಜಾಲಾಡಿದೆ. ಬ್ವಾನ ಇರಲಿಲ್ಲ. ಹೆಸರಿನಿಂದ ಸಿಗದಿದ್ದರೆ ಅರ್ಥದಿಂದ ಹಿಡಿಯೋಣ ಎಂದು ‘ಅನ್ನ’ ತೆಗೆದೆ, ಅಲ್ಲಿಂದ ‘ಕೂಳು’, ಅಲ್ಲಿಂದ ‘ಓಗರ’. ಅಲ್ಲೆಲ್ಲೂ ನಮ್ಮ ಮಾತು ಇಲ್ಲ. ನಾದಿನಿಯೇ ಗೆದ್ದಳಲ್ಲ ಎಂದು ಹೊಟ್ಟೆ ಉರಿಯಿತು.

ಆಗ ಹೊಳೆಯಿತು. ನಾನು ಕಿವಿಗೆ ಬಿದ್ದ ಹಾಗೆ ಹುಡುಕುತ್ತಿದ್ದೆ. ಬರೆಯುವವರು ಹೇಗೆ ಬರೆದಾರು ಎಂದು ಯೋಚಿಸಿರಲಿಲ್ಲ. ಕೋಣ ನಮ್ಮ ಬಾಯಲ್ಲಿ ಕ್ವಾಣ, ಹೋದ ಅನ್ನುವುದು ಹ್ವಾದ. ಹಾಗಾದರೆ ಬ್ವಾನ? ಪುಟ ಹಿಂದಕ್ಕೆ ಮಗುಚಿ ‘ಬೋ’ಗೆ ಬಂದೆ. ಬೋನ! ಅನ್ನವೂ ಹೌದು, ದೇವರ ನೈವೇದ್ಯವೂ ಹೌದು. ಪೇಪರ್ ಓದುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ.

ಮನೆಗೆ ಬಂದು ನಾದಿನಿಗೆ ಹೇಳಿದೆ. ಹಾಗಾದರೆ ಅತ್ತಿಗೆ ನನಗೆ ದಿನಾ ನೈವೇದ್ಯ ಇಡುತ್ತಿದ್ದಾರೆ ಎಂದು ಅವಳು ಮತ್ತಷ್ಟು ನಕ್ಕಳು. ಈ ಸಲ ನಾನೂ ನಕ್ಕೆ.

ಅಕ್ಕಿ ಆರಿಸುತ್ತಿದ್ದ ಅತ್ತೆ ಮಾತ್ರ ನಗಲಿಲ್ಲ. ಅವರ ತವರು ಹಾನಗಲ್ಲ ಕಡೆ ಎಂದು ಕೇಳಿದ್ದೆನಾದರೂ ಮಾತಿನಲ್ಲಿ ಅದರ ಸುಳಿವೇ ಇರಲಿಲ್ಲ. ಸೊರಬದಲ್ಲೇ ಹುಟ್ಟಿದವರು ಅನ್ನಬೇಕು. ಮಗಳು ಹಿತ್ತಲಿಗೆ ಹೋದ ಮೇಲೆ ನನ್ನ ಹತ್ತಿರ ಸರಿದು ಕೂತರು.

“ನಮ್ಮವ್ವನೂ ಬ್ವಾನ ಅಂತಿದ್ಲವಾ. ಈ ಮನಿಗೆ ಬಂದ ಮ್ಯಾಲೆ ನಾ ಬಿಟ್ಬಿಟ್ಟೆ. ಆಗ್ಲೂ ನಕ್ಕಿದ್ರು.”

ಅಷ್ಟು ಹೇಳಿದ್ದೇ ತಡ, ಅತ್ತೆಗೆ ಗಂಟಲು ಬಿಚ್ಚಿತು. ಸಂಜೆಯವರೆಗೂ ತಮ್ಮ ಅವ್ವನ ಮಾತಿನಲ್ಲೇ ಮಾತಾಡಿದರು. ಮೊರದ ಅಕ್ಕಿ ಮೊರದಲ್ಲೇ ಉಳಿಯಿತು, ನನಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ.