ಪತ್ತೇದಾರನ ಅಕ್ಕ

ಆ ಹೋಟೆಲಿನ ಸಪ್ಲೈಯರ್‌ನನ್ನು ಎಲ್ಲರೂ ಪತ್ತೇದಾರ ಅಂತಲೇ ಕರೆಯುತ್ತಿದ್ದರು. ಅವನೇನು ಕಳ್ಳರನ್ನು ಹಿಡಿದವನಲ್ಲ. ಐದು ವರ್ಷ ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದ್ದು, ಆಮೇಲೆ ಇಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಇಲ್ಲಿ ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು ಎಲ್ಲರೂ ಒಂದು ಕಾಲಕ್ಕೆ ತಲೆಯ ಮೇಲೆ ಸೂರಿಲ್ಲದವರೇ.

ಬಾಗಿಲ ಪಕ್ಕದ ಕೌಂಟರಿನಲ್ಲಿ ಯಜಮಾನಿ ಕೂರುತ್ತಿದ್ದಳು. ಅವಳು ಎಲ್ಲರಿಗೂ ದೊಡ್ಡಮ್ಮ. ಬಂದವರಿಗೆಲ್ಲ ಒಂದೇ ಬಗೆಯ ಮರದ ಟೋಕನ್ ಕೊಡುವಳು. ಇದ್ದವರು ದುಡ್ಡು ಕೊಟ್ಟು, ಇಲ್ಲದವರು ಬರಿಗೈಯಲ್ಲಿ ಅದನ್ನು ತೆಗೆದುಕೊಂಡು ಒಳಗೆ ಬರಬೇಕು. ಒಳಗೆ ಎಲ್ಲರಿಗೂ ಅದೇ ಮೇಜು, ಅದೇ ತಟ್ಟೆ. ಯಾರು ದುಡ್ಡು ಕೊಟ್ಟರು, ಯಾರು ಕೊಡಲಿಲ್ಲ ಅಂತ ಸಪ್ಲೈಯರ್ ಕೇಳಕೂಡದು.

ಕೇಳಕೂಡದು, ಸರಿ. ಆದರೆ ಕಂಡುಹಿಡಿಯಕೂಡದು ಅಂತ ಯಾರೂ ಹೇಳಿರಲಿಲ್ಲವಲ್ಲ! ಬಾಗಿಲಿಗೆ ಮುಖ ಮಾಡಿ ಕೂರುವುದು, ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳುವುದು, ಬ್ರೆಡ್ಡನ್ನು ಕಾಗದದಲ್ಲಿ ಮಡಚಿ ಜೇಬಿಗೆ ಇಳಿಸುವುದು, ಬೀದಿಯಲ್ಲಿ ಮಲಗುವವರ ಈ ಗುರುತೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಅಂಥವರ ತಟ್ಟೆಗೆ ಸದ್ದಿಲ್ಲದೆ ಇನ್ನೊಂದು ಸೌಟು ಬೀಳುತ್ತಿತ್ತು. "ನನ್ನ ಕಣ್ಣು ತಪ್ಪಿಸೋಕೆ ಯಾರಿಂದಲೂ ಆಗಲ್ಲ" ಅಂತ ಜಂಬ ಕೊಚ್ಚಿಕೊಳ್ಳುವುದು ಬೇರೆ.

ಹೀಗಿರುವಾಗ ಒಂದು ಮಂಗಳವಾರ ಮಧ್ಯಾಹ್ನ ಅವನ ಅಕ್ಕ ಬಂದಳು. ಎಂಟು ವರ್ಷದ ಹಿಂದೆ, ಗ್ಯಾರೇಜಿನ ಕೆಲಸ ಹೋಗಿ, ಕುಡಿತಕ್ಕೆ ಬಿದ್ದು, ಅವಳ ನಡುಮನೆಯಲ್ಲಿ ಮಲಗುತ್ತಿದ್ದ ತಮ್ಮನ ಹಾಸಿಗೆ ಸುತ್ತಿ ಬಾಗಿಲಾಚೆ ಇಟ್ಟವಳು ಇವಳೇ. ಅಂದಿನಿಂದ ಅವನಿಗಿದ್ದದ್ದು ಒಂದೇ ಆಸೆ. ಅಕ್ಕ ಒಂದು ದಿನ ತಾನಾಗಿ ಬಂದು "ಮನೆಗೆ ಬಾರೋ" ಅನ್ನಬೇಕು. ಹೋಗುವುದು ಬಿಡುವುದು ಆಮೇಲಿನ ಮಾತು. ಅವಳ ಬಾಯಿಂದ ಆ ಮಾತು ಬರಬೇಕು, ಅಷ್ಟೇ.

ಇಸ್ತ್ರಿ ಮಾಡಿದ ಬಟ್ಟೆ, ಒಪ್ಪವಾಗಿ ಬಾಚಿದ ತಲೆ. ಇವನಿಗೆ ಅನುಮಾನವೇ ಬರಲಿಲ್ಲ. ಕರೆಯುವುದಕ್ಕೇ ಬಂದಿದ್ದಾಳೆ ಅಂದುಕೊಂಡು, ಬೇಕೆಂದೇ ಕೊನೆಯಲ್ಲಿ ಅವಳಿಗೆ ಬಡಿಸಿದ. ಕಾಯಲಿ, ಅವಳಿಗೂ ಗೊತ್ತಾಗಲಿ! ಅವಳು "ಚೆನ್ನಾಗಿದ್ದೀಯೇನೋ?" ಅಂದಳು. "ಏನಕ್ಕಾ, ಬೇಕರಿ ಮೇಲೆ ಸ್ವಂತ ರೂಮು ಮಾಡ್ಕೊಂಡಿದೀನಿ" ಅಂತ ಇವನು ಎದೆಯುಬ್ಬಿಸಿದ. ಅವಳು ಉಂಡು ಎದ್ದು ಹೋದಳು. ಮುಂದಿನ ಮಂಗಳವಾರ ಮತ್ತೆ ಬಂದಳು. ಅದರ ಮುಂದಿನ ವಾರವೂ ಬಂದಳು. ಕರೆಯುವ ಮಾತು ಮಾತ್ರ ಬರಲೇ ಇಲ್ಲ.

ನಾಲ್ಕನೆಯ ವಾರ ಅವನ ತಾಳ್ಮೆ ಕೆಟ್ಟಿತು. ಎಲ್ಲರಿಗೂ ಕೇಳುವಂತೆ, "ಅಕ್ಕಾ, ನಿನ್ನಂಥವರು ದುಡ್ಡು ಕೊಟ್ಟು ಉಣ್ಣೋದಕ್ಕೇ ಕಣೇ ಗತಿಯಿಲ್ಲದವರ ಹೊಟ್ಟೆ ತುಂಬೋದು. ಪುಣ್ಯ ಬರುತ್ತೆ ನಿಂಗೆ" ಅಂದುಬಿಟ್ಟ. ಅವಳ ಕೈಯಿಂದ ಚಮಚ ಜಾರಿ ಮೇಜಿನ ಕೆಳಗೆ ಬಿತ್ತು. ಎತ್ತಿಕೊಡಲು ಇವನು ಬಗ್ಗಿದ. ಬ್ಯಾಗಿನ ಪಟ್ಟಿ ಅವಳ ಕಾಲಿಗೆ ಎರಡು ಸುತ್ತು ಬಿಗಿಯಾಗಿತ್ತು. ಹರಿದ ಬೂಟಿನೊಳಗಿಂದ ಮಡಚಿದ ಪತ್ರಿಕೆ ಇಣುಕುತ್ತಿತ್ತು.

ನೆಟ್ಟಗೆ ಕೌಂಟರಿಗೆ ಹೋದ.

"ದೊಡ್ಡಮ್ಮಾ, ನಿಮಗೆ ಗೊತ್ತಿತ್ತಾ?"

"ಮೊದಲ ವಾರದಿಂದ ಗೊತ್ತು. ಹೇಳೋದು ನನ್ನ ಕೆಲಸ ಅಲ್ಲ ಕಣೋ. ಅಷ್ಟಕ್ಕೂ ಪತ್ತೇದಾರ ನೀನಲ್ವಾ?"

ಮೊದಲು ಅವನ ಮನಸ್ಸಿಗೆ ಬಂದದ್ದು, ತಕ್ಕ ಶಾಸ್ತಿಯಾಯಿತು ಅಂತಲೇ. ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಖುಷಿಯೂ ಆಯಿತು. ಮರುಗಳಿಗೆಗೆ ತಾನಾಡಿದ ಮಾತು ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದ.

ಸಪ್ಲೈಯರ್‌ಗಳು ಗಿರಾಕಿಗಳ ಜೊತೆ ಕೂರುವಂತಿಲ್ಲ. ಆದರೂ ಅವನು ಹೋಗಿ ಅಕ್ಕನೆದುರು ಕೂತ. ಅವಳಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು.

"ನಿಮ್ಮ ಭಾವ ಹೋದ ವರ್ಷ ತೀರಿಕೊಂಡರು. ಮನೆಯನ್ನ ಅವರ ಕಡೆಯವರು ಬಿಡಿಸಿಕೊಂಡರು" ಅಂದಳು.

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಯಾವ ಮುಖ ಇಟ್ಕೊಂಡು ಹೇಳಲಿ? ಪ್ರತಿ ವಾರ ಹೇಳಬೇಕು ಅಂತಲೇ ಬರ್ತಿದ್ದೆ. ನಿನ್ನ ನೋಡಿದ ಕೂಡಲೇ ಬಾಯಿ ಕಟ್ಟಿಹೋಗ್ತಿತ್ತು. ನಿನ್ನ ಆಚೆ ಹಾಕಿದವಳು ನಾನೇ ತಾನೇ?"

ಪಕ್ಕದ ಮೇಜಿನಿಂದ ಯಾರೋ ನೀರು ಕೇಳಿದರು. ಅವನು ಎದ್ದು ಜಗ್ಗಿನಿಂದ ನೀರು ಬಗ್ಗಿಸಿಕೊಟ್ಟು ಮತ್ತೆ ಬಂದು ಕೂತ.

"ಹೌದು, ನೀನೇ. ಅದನ್ನ ಮರೆಯೋಕೆ ನನ್ನ ಕೈಲಾಗಲ್ಲ ಅಕ್ಕ. ಸಾಯೋವರೆಗೂ ಆಗಲ್ಲ."

ಅವಳು ತಲೆಯಾಡಿಸಿದಳು. ಎದ್ದು ಹೋಗುವವಳಂತೆ ಮೇಜಿನ ಅಂಚು ಹಿಡಿದಳು.

"ಎಲ್ಲಿಗೆ ಹೊರಟೆ? ನನ್ನ ಮಾತು ಇನ್ನೂ ಮುಗಿದಿಲ್ಲ. ಮರೀದೇನೇ ಕರೀತಿದ್ದೀನಿ, ಮನೆಗೆ ಬಾ. ನಾಲ್ಕಕ್ಕೆ ನನ್ನ ಕೆಲಸ ಮುಗಿಯುತ್ತೆ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಅಕ್ಕಪಕ್ಕದವರು ತಲೆ ಎತ್ತದೆ ಉಣ್ಣುತ್ತಲೇ ಇದ್ದರು. ನಾಲ್ಕು ಗಂಟೆಯವರೆಗೂ ಅವಳು ಅಲ್ಲೇ ಕೂತಿದ್ದಳು.